ಓದುಗರ ಪ್ರಶ್ನೆ: ಹಸ್ಕಿ ನಾಯಿಗಳ ಬೆನ್ನ ಹಿಂದೆ, ಲ್ಯಾಪ್‌ಲ್ಯಾಂಡಿನ ಕಾಡಿನಲ್ಲಿ

ಹೋದ ತಿಂಗಳು ಇದೇ ಪುಟದಲ್ಲಿ ಫಿನ್ಲೆಂಡಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡ್ ಬಗ್ಗೆ, ಅಲ್ಲಿ ಹಸ್ಕಿ ನಾಯಿಗಳು ಎಳೆಯುವ ಹಿಮಬಂಡಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾನು ಕೆಲಸದ ಮೇಲೆ ಐದು ಚಳಿಗಾಲ ಫಿನ್ಲೆಂಡಿನ ಔಲು ಅನ್ನುವ ಊರಿನಲ್ಲಿದ್ದೆ. ಆಗ ನಾಲ್ಕು ಸಲ ನಾಯಿಗಳ ಜೊತೆ ಕಾಡಿಗೆ ಹೋಗಿದ್ದೇನೆ, ಅದರಲ್ಲಿ ಒಂದು ಸಲ ಮೂರು ದಿನ. ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಮೇಡಂ, ನಮ್ಮ ಮಗಳು ಔಲುವಿನಲ್ಲಿದ್ದಾಳೆ. ಡಿಸೆಂಬರ್ ರಜೆಗೆ ಬನ್ನಿ, ಹಸ್ಕಿ ಬಂಡಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಅಂತಾಳೆ. ನನಗೆ 61, ಮನೆಯವರಿಗೆ 57. ನಮ್ಮಿಂದ ಆಗುತ್ತಾ? — ಓದುಗರು, ಹುಬ್ಬಳ್ಳಿ

ಆಗುತ್ತದೆ ಸರ್. ಆದರೆ ಡಿಸೆಂಬರ್ ಬೇಡ, ಮಾರ್ಚಿಗೆ ಹೋಗಿ. ಮಗಳಿಗೆ ರಜೆ ಸಿಗುವುದು ಕಷ್ಟ ಆಗಬಹುದು, ಆದರೂ ಕೇಳಿ ನೋಡಿ. ಡಿಸೆಂಬರ್ ಮೂರನೇ ವಾರದಲ್ಲಿ ಲ್ಯಾಪ್‌ಲ್ಯಾಂಡಿನ ರೊವಾನಿಯೆಮಿ ಊರಿನಲ್ಲಿ ಸೂರ್ಯ ಇರುವುದು ಎರಡು ಗಂಟೆ ಚಿಲ್ಲರೆ ಅಷ್ಟೇ. ಅದೂ ಮರದ ತುದಿಗಿಂತ ಮೇಲೆ ಬರುವುದಿಲ್ಲ. ಕ್ರಿಸ್‌ಮಸ್ ಅಂತ ಜನ ಮುಗಿಬೀಳುತ್ತಾರೆ, ರೇಟೂ ಜಾಸ್ತಿ, ಒಂದೊಂದು ಗುಂಪನ್ನೂ ಬೇಗ ಬೇಗ ಕಳಿಸಿಬಿಡುತ್ತಾರೆ. ಮಾರ್ಚಿನಲ್ಲಿ ಹಿಮ ಗಟ್ಟಿಯಾಗಿ ಕೂತಿರುತ್ತದೆ, ಹಗಲು ಹೆಚ್ಚು ಕಡಿಮೆ ನಮ್ಮೂರಿನಷ್ಟೇ ಉದ್ದ ಇರುತ್ತದೆ, ಬಿಸಿಲು ಬಿದ್ದರೆ ಇಡೀ ಕಾಡು ಸುಣ್ಣ ಬಳಿದ ಹಾಗೆ ಹೊಳೆಯುತ್ತದೆ. ಕೂಲಿಂಗ್ ಗ್ಲಾಸ್ ಮರೆಯಬೇಡಿ.

ಒಂದು ಬಂಡಿಗೆ ಇಬ್ಬರು. ಒಬ್ಬರು ಕೂರುತ್ತಾರೆ, ಇನ್ನೊಬ್ಬರು ಹಿಂದೆ ನಿಂತು ಓಡಿಸುತ್ತಾರೆ, ಅರ್ಧ ದಾರಿಯಲ್ಲಿ ಬೇಕಾದರೆ ಜಾಗ ಬದಲಾಯಿಸಿಕೊಳ್ಳಬಹುದು. ಕೂರುವವರಿಗೆ ಶ್ರಮ ಇಲ್ಲ ಅಂತ ಬಹಳ ಜನ ಹೇಳುತ್ತಾರೆ. ಅದು ಪೂರ್ತಿ ನಿಜ ಅಲ್ಲ. ಬಂಡಿಗೆ ಸ್ಪ್ರಿಂಗ್ ಗಿಂಗ್ ಏನೂ ಇರುವುದಿಲ್ಲ. ದಾರಿಯಲ್ಲಿ ಉಬ್ಬು ಸಿಕ್ಕರೆ ಆ ಏಟು ನೇರವಾಗಿ ಸೊಂಟಕ್ಕೇ. ಮನೆಯವರಿಗೆ ಬೆನ್ನುಮೂಳೆ ತೊಂದರೆ ಇದ್ದರೆ ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಗರ್ಭಿಣಿಯರಂತೂ ಹತ್ತಲೇಬಾರದು. ನಿಮಗೆ ಐದಾರು ಕಿಮೀ ದಾರಿ ಸಾಕು, ಅದೇ ಧಾರಾಳ ಆಗುತ್ತದೆ. ಔಲುವಿನಿಂದ ರೊವಾನಿಯೆಮಿಗೆ ರೈಲಿನಲ್ಲಿ ಎರಡೂವರೆ ಗಂಟೆ.

ಓಡಿಸುವುದು ಅಂದರೆ ಏನು ಮಾಡಬೇಕು? ಕುದುರೆಗೆ ಇರುವ ಹಾಗೆ ಲಗಾಮು ಇರುತ್ತಾ? — ಓದುಗರು, ಚಿಕ್ಕಮಗಳೂರು

ಲಗಾಮು ಇಲ್ಲ, ಚಾಟಿಯೂ ಇಲ್ಲ. ನಿಮ್ಮ ಕೈಯಲ್ಲಿ ಇರುವುದು ಬಂಡಿಯ ಹಿಡಿ, ಕಾಲ ಹತ್ತಿರ ಇರುವುದು ಬ್ರೇಕು. ಇವೆರಡೇ.

ಬಂಡಿಯ ಅಡಿಗೆ ಉದ್ದಕ್ಕೆ ಎರಡು ಪಟ್ಟಿ ಇರುತ್ತವೆ, ಅವು ಹಿಂದಕ್ಕೂ ಚಾಚಿರುತ್ತವೆ. ಅದರ ಮೇಲೆ ಒಂದೊಂದು ಕಾಲಿಟ್ಟು ನಿಲ್ಲಬೇಕು. ಎರಡರ ನಡುವೆ ಕಬ್ಬಿಣದ ಹಲ್ಲುಗಳಿರುವ ಒಂದು ಅಡ್ಡಪಟ್ಟಿ ಇದೆ, ಅದೇ ಬ್ರೇಕು. ತುಳಿದರೆ ಹಲ್ಲು ಹಿಮಕ್ಕೆ ನಾಟುತ್ತದೆ. ನಿಂತಾಗ ಬಂಡಿ ಜಾರಿ ಹೋಗದ ಹಾಗೆ ಒಂದು ದೊಡ್ಡ ಕೊಕ್ಕೆಯನ್ನು ಹಿಮದಲ್ಲಿ ಊರಿ ಕಾಲಿಂದ ಒತ್ತುತ್ತಾರೆ. ಮುಂದೆ ನಡುವೆ ಒಂದು ಉದ್ದನೆಯ ಹಗ್ಗ, ಅದರ ಎರಡೂ ಕಡೆ ಜೋಡಿ ಜೋಡಿಯಾಗಿ ನಾಯಿಗಳು, ಇಬ್ಬರು ಹೋಗುವ ಬಂಡಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು. ಎಲ್ಲಕ್ಕಿಂತ ಮುಂದಿನ ಜೋಡಿಗೆ ಬುದ್ಧಿ ಬೇಕು, ದಾರಿ ಹಿಡಿಯುವವು ಅವು. ಬಂಡಿಗೆ ಅಂಟಿಕೊಂಡಂತಿರುವ ಕೊನೆಯ ಜೋಡಿಗೆ ಬಲ ಬೇಕು, ತಿರುವಿನಲ್ಲಿ ಭಾರ ಬೀಳುವುದು ಅವುಗಳ ಮೇಲೆ. ಗ್ರೀನ್‌ಲ್ಯಾಂಡಿನಲ್ಲಿ ಹೀಗೆ ಜೋಡಿ ಕಟ್ಟುವುದಿಲ್ಲ, ಪ್ರತಿ ನಾಯಿಗೂ ಬೇರೆ ಬೇರೆ ಹಗ್ಗ ಕಟ್ಟಿ ಬೀಸಣಿಗೆ ಬಿಚ್ಚಿದ ಹಾಗೆ ಅಗಲಕ್ಕೆ ಬಿಡುತ್ತಾರೆ, ಯಾಕೆಂದರೆ ಅಲ್ಲಿ ಬಯಲು ಮಂಜುಗಡ್ಡೆ. ಇಲ್ಲಿ ಪೈನ್, ಸ್ಪ್ರೂಸ್, ಬರ್ಚ್ ಮರಗಳ ಸಂದಿಯಲ್ಲಿ ನುಗ್ಗಬೇಕು, ಅದಕ್ಕೇ ಈ ಜೋಡಿ ಸಾಲು.

ಹೊರಡುವ ಮುಂಚಿನ ಗದ್ದಲ ಇದೆಯಲ್ಲ, ಅದನ್ನು ಕೇಳಿಯೇ ತಿಳಿಯಬೇಕು. ಎದೆಪಟ್ಟಿ ಹಾಕಿದ ಕೂಡಲೇ ಬೊಗಳುತ್ತವೆ, ಊಳಿಡುತ್ತವೆ, ನಿಂತಲ್ಲೇ ನೆಗೆಯುತ್ತವೆ, ಹಗ್ಗ ಕಚ್ಚುತ್ತವೆ. ಪಕ್ಕದವರ ಮಾತು ಕೇಳುವುದಿಲ್ಲ. ಗೈಡ್ ಕೈ ಎತ್ತಿದ ಮೇಲೆ ಕೊಕ್ಕೆ ಕಿತ್ತು ಬ್ರೇಕಿನಿಂದ ಕಾಲು ತೆಗೆದರೆ ಒಂದು ಜಗ್ಗು, ಅಷ್ಟೇ. ತಟ್ಟನೆ ಎಲ್ಲ ಸದ್ದು ನಿಂತುಹೋಗುತ್ತದೆ. ಆಮೇಲೆ ಕೇಳುವುದು ಬಂಡಿ ಜಾರುವ ಸರಸರ ಸದ್ದು, ನಾಯಿಗಳ ಉಸಿರು, ಎಲ್ಲೋ ಒಂದು ಕೊಂಬೆಯಿಂದ ಹಿಮ ಉದುರಿದ ಸಪ್ಪಳ. ಮೊದಲ ಸಲ ನನಗೆ ಕಣ್ಣಲ್ಲಿ ನೀರು ಬಂತು.

ಇಳಿಜಾರಿನಲ್ಲಿ ಬ್ರೇಕ್ ಹಗುರವಾಗಿ ಒತ್ತಲೇಬೇಕು, ಇಲ್ಲದಿದ್ದರೆ ಬಂಡಿ ಹೋಗಿ ಹಿಂದಿನ ನಾಯಿಗಳ ಕಾಲಿಗೆ ಬಡಿಯುತ್ತದೆ. ಹಗ್ಗ ಯಾವಾಗಲೂ ಬಿಗಿಯಾಗಿರಬೇಕು, ಸಡಿಲ ಆದರೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಏರು ಬಂದರೆ ಒಂದು ಕಾಲಿನಿಂದ ನೆಲ ಒದೆದು ನೂಕಬೇಕು, ಇಲ್ಲವೇ ಇಳಿದು ಹಿಡಿ ಬಿಡದೆ ಹಿಂದೆ ಓಡಬೇಕು. ನಾನೊಂದು ಏರಿನಲ್ಲಿ ಸುಮ್ನೆ ನಿಂತಿದ್ದಾಗ ಮುಂದಿನ ಸಾಲಿನ ಕಂದು ಹೆಣ್ಣು ನಾಯಿ ತಿರುಗಿ ನೋಡಿತು. ಮೀಸೆಯ ಮೇಲೆಲ್ಲ ಮಂಜು ಕಟ್ಟಿತ್ತು. ಏನು ಕೇಳುತ್ತಿದೆ ಅಂತ ಗೊತ್ತಾಯಿತು, ಇಳಿದು ನೂಕಿದೆ.

ಇನ್ನೊಂದು ಮಾತು, ಇದು ತುಂಬಾ ಮುಖ್ಯ: ಏನೇ ಆಗಲಿ ಬಂಡಿಯ ಹಿಡಿ ಬಿಡಬೇಡಿ. ಮೂರನೇ ಸಲ ಹೋದಾಗ ಫೋಟೋ ತೆಗೆಯಲು ಒಂದು ಕೈ ಬಿಟ್ಟೆ. ಅದೇ ಹೊತ್ತಿಗೆ ತಿರುವು ಬಂತು. ನಾನು ಹಿಮದಲ್ಲಿ ಬಿದ್ದೆ, ನಾಯಿಗಳು ನನ್ನ ಗೆಳತಿಯನ್ನು ಕೂರಿಸಿಕೊಂಡೇ ಓಡಿಹೋದವು. ಬಂಡಿ ಹಗುರ ಆದರೆ ಅವು ಇನ್ನೂ ಜೋರಾಗಿ ಓಡುತ್ತವೆ. ಮುಂದೆ ಇದ್ದ ಗೈಡ್ ಅಡ್ಡ ನಿಂತು ಹಿಡಿದರು, ಯಾರಿಗೂ ಏನೂ ಆಗಲಿಲ್ಲ. ಆದರೆ ಬ್ರೇಕ್ ತುಳಿಯುವವರು ಇಲ್ಲದ ಬಂಡಿ ಇಳಿಜಾರಿನಲ್ಲಿ ನಾಯಿಗಳ ಮೇಲೇ ನುಗ್ಗಬಹುದಿತ್ತು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಫೋನು ಜೇಬಿನಲ್ಲೇ ಇರಲಿ. ಬಂಡಿ ನಿಂತ ಮೇಲೆ, ಕೊಕ್ಕೆ ಊರಿದ ಮೇಲೆ, ಎಷ್ಟು ಬೇಕಾದರೂ ತೆಗೆಯಿರಿ.

ನಮ್ಮ ಮೋಜಿಗಾಗಿ ನಾಯಿಗಳ ಕೈಲಿ ಎಳೆಸುವುದು ಹಿಂಸೆ ಅಲ್ವಾ? ನನಗೆ ಮನಸ್ಸು ಒಪ್ಪುತ್ತಿಲ್ಲ. — ವಿದ್ಯಾರ್ಥಿನಿ, ಮೈಸೂರು

ನಿಮ್ಮ ಈ ಅನುಮಾನ ಬಿಡಬೇಡಿ. ಟಿಕೆಟ್ ತೆಗೆದುಕೊಳ್ಳುವಾಗ ಅದು ಜೊತೆಯಲ್ಲೇ ಇರಲಿ.

ಓಡುವುದು ಈ ನಾಯಿಗಳಿಗೆ ಹಿಂಸೆ ಅಂತ ನನಗೆ ಅನ್ನಿಸಿಲ್ಲ. ಎಷ್ಟೋ ತಲೆಮಾರಿನಿಂದ ಎಳೆಯುವ ಆಸೆ ಇರುವ ನಾಯಿಗಳನ್ನೇ ಆರಿಸಿ ಬೆಳೆಸಿಕೊಂಡು ಬಂದಿದ್ದಾರೆ. ನಾಯಿ ಮುಂದೆ ಇರುತ್ತದೆ, ನಾವು ಹಿಂದೆ. ಅದಕ್ಕೆ ಮನಸ್ಸಿಲ್ಲದಿದ್ದರೆ ನಾವು ಹಿಂದಿನಿಂದ ಏನು ಮಾಡಲೂ ಆಗದು, ಹಗ್ಗದಿಂದ ಯಾರನ್ನೂ ಮುಂದಕ್ಕೆ ತಳ್ಳಲಾಗದು. ಎರಡು ನಿಮಿಷಕ್ಕಿಂತ ಜಾಸ್ತಿ ನಿಲ್ಲಿಸಿದರೆ ಅವೇ ಗಲಾಟೆ ಎಬ್ಬಿಸುತ್ತವೆ. ನನಗೆ ಚಿಂತೆ ಇರುವುದು ಬಂಡಿ ಬಿಚ್ಚಿದ ಮೇಲಿನ ಬದುಕಿನ ಬಗ್ಗೆ. ಪ್ರವಾಸಿಗರು ಬರುವುದು ಹೆಚ್ಚೆಂದರೆ ಡಿಸೆಂಬರಿನಿಂದ ಏಪ್ರಿಲ್ ಶುರುವಿನವರೆಗೆ. ಉಳಿದ ಎಂಟು ತಿಂಗಳೂ ನಾಯಿಗೆ ಹೊಟ್ಟೆ ಇದೆ. 2020ರ ಕೊನೆಯ ಚಳಿಗಾಲದಲ್ಲಿ ಕೋವಿಡ್‌ನಿಂದ ಹೊರದೇಶದ ಜನ ಬರಲೇ ಇಲ್ಲ, ಆಗ ನೂರಾರು ನಾಯಿ ಇದ್ದ ಫಾರ್ಮ್‌ನವರು ಅವುಗಳಿಗೆ ಊಟ ಹಾಕಲು ಪಟ್ಟ ಪಾಡು ನಾನು ಕಣ್ಣಾರೆ ನೋಡಿದ್ದೇನೆ.

ಅದಕ್ಕೇ ಬುಕ್ ಮಾಡುವ ಮುಂಚೆ ಪತ್ರ ಬರೆದು ಕೇಳಿ. ವಯಸ್ಸಾದ ನಾಯಿಗಳನ್ನು ಏನು ಮಾಡುತ್ತೀರಿ? ಬೇಸಿಗೆಯಲ್ಲಿ ಅವು ಎಲ್ಲಿರುತ್ತವೆ? ದಿನಕ್ಕೆ ಒಂದು ನಾಯಿ ಎಷ್ಟು ಸಲ ಓಡುತ್ತದೆ? ಸರಪಳಿಯಿಂದ ಬಿಚ್ಚಿ ಬಯಲಲ್ಲಿ ಬಿಡುವುದು ಉಂಟಾ? ಎಂಟು-ಹತ್ತು ವರ್ಷ ದಾಟಿದ ನಾಯಿ ಸಾಮಾನ್ಯವಾಗಿ ಬಂಡಿ ಎಳೆಯುವುದನ್ನು ನಿಲ್ಲಿಸುತ್ತದೆ, ಒಳ್ಳೆಯವರು ಅವನ್ನು ತಾವೇ ಸಾಕುತ್ತಾರೆ ಇಲ್ಲವೇ ಮನೆ ಹುಡುಕಿ ಕೊಡುತ್ತಾರೆ. ಈ ಪ್ರಶ್ನೆಗೆ ಉದ್ದ ಉತ್ತರ ಬರೆಯುವವರನ್ನು ನಾನು ನಂಬುತ್ತೇನೆ. ಒಂದು ಫಾರ್ಮ್‌ನವರು ನನಗೆ ಬರೀ ರೇಟ್ ಕಾರ್ಡ್ ಕಳಿಸಿದರು, ನಾನು ಹೋಗಲಿಲ್ಲ. ಅಲ್ಲಿಗೆ ಹೋದ ಮೇಲೂ ನೋಡಿ. ಕೆಲಸದವರಿಗೆ ಪ್ರತಿ ನಾಯಿಯ ಹೆಸರು ಗೊತ್ತಿದೆಯಾ, ಮಲಗುವ ಗೂಡಿನಲ್ಲಿ ಒಣ ಹುಲ್ಲು ಇದೆಯಾ, ಯಾವುದಾದರೂ ಕುಂಟುತ್ತಿದೆಯಾ. ಕುಂಟುವ ನಾಯಿಯನ್ನು ಕಟ್ಟಿದ್ದು ಕಂಡರೆ ಹೇಳಿ. ದುಡ್ಡು ಕೊಟ್ಟ ಗಿರಾಕಿಯ ಮಾತಿಗೆ ಬೆಲೆ ಇದೆ.

ಆಂಟಿ, ನಾಯಿಗಳಿಗೆ ಚಪ್ಪಲಿ ಇಲ್ವಾ? ಹಿಮದಲ್ಲಿ ಕಾಲು ಕೊರೆಯಲ್ವಾ? — 6ನೇ ಕ್ಲಾಸ್, ಶಿರಸಿ

ಪುಟ್ಟಾ, ನಾನೂ ಮೊದಲ ದಿನ ಇದನ್ನೇ ಕೇಳಿದ್ದೆ. ನಾಯಿಯ ಪಾದದಲ್ಲಿ ಒಂದು ಜಾಣ ಏರ್ಪಾಡಿದೆ. ಮೈಯಿಂದ ಬಿಸಿ ರಕ್ತ ಇಳಿಸುವ ನಾಳ, ಪಾದದಿಂದ ತಣ್ಣನೆಯ ರಕ್ತ ಮೇಲೆ ತರುವ ನಾಳ, ಎರಡೂ ಒಂದಕ್ಕೊಂದು ಅಂಟಿಕೊಂಡಂತೆ ಇವೆ. ಇಳಿಯುವ ರಕ್ತ ಏರುವ ರಕ್ತಕ್ಕೆ ತನ್ನ ಬಿಸಿ ದಾಟಿಸಿಬಿಡುತ್ತದೆ. ಹಾಗಾಗಿ ಕಾಲು ಹಿಮದ ಮೇಲೆ ಇದ್ದರೂ ಹೊಟ್ಟೆ, ಎದೆ ಬೆಚ್ಚಗೇ ಇರುತ್ತವೆ. ಚಪ್ಪಲಿಯೂ ಇದೆ, ಬಟ್ಟೆಯ ಪುಟ್ಟ ಚೀಲ, ಮೇಲೆ ಪಟ್ಟಿ ಸುತ್ತಿ ಅಂಟಿಸುತ್ತಾರೆ. ಅದು ಚಳಿಗೆ ಅಲ್ಲ. ಬೆರಳ ಸಂದಿಯಲ್ಲಿ ಹಿಮದ ಉಂಡೆ ಕಟ್ಟಬಾರದು, ಗಟ್ಟಿ ಹಿಮ ಉಜ್ಜಿ ಗಾಯ ಆಗಬಾರದು ಅಂತ. ಆರು ನಾಯಿಗೆ ಎಷ್ಟು ಚಪ್ಪಲಿ ಬೇಕು, ಲೆಕ್ಕ ಹಾಕು ನೋಡೋಣ. ಅಷ್ಟನ್ನೂ ನಾನು ಒಂದು ಬೆಳಿಗ್ಗೆ ಬರಿಗೈಯಲ್ಲಿ ಹಾಕಿದ್ದೇನೆ. ಮಲಗುವಾಗ ಅವು ಉಂಡೆಯಾಗಿ ಸುತ್ತಿಕೊಂಡು ಪೊದೆಬಾಲದಿಂದ ಮೂಗು ಮುಚ್ಚಿಕೊಳ್ಳುತ್ತವೆ. ಹಿಮ ಬಿದ್ದು ಮೈಯೆಲ್ಲ ಮುಚ್ಚಿಹೋದರೂ ಆರಾಮಾಗಿ ನಿದ್ದೆ ಮಾಡುತ್ತವೆ.

ಚಳಿಗೆ ಏನೇನು ತಗೊಂಡು ಹೋಗಬೇಕು? ಇಲ್ಲಿಂದಲೇ ಜಾಕೆಟ್ ಕೊಳ್ಳಲಾ? — ಓದುಗರು, ಮಂಗಳೂರು

ದೊಡ್ಡ ಜಾಕೆಟ್ಟಿಗೆ ದುಡ್ಡು ಸುರಿಯಬೇಡಿ. ಮೇಲಿನ ದಪ್ಪ ಉಡುಪು, ಬೂಟು, ಕೈಗವಸುಗಳನ್ನು ಬಹಳಷ್ಟು ಫಾರ್ಮ್‌ನವರೇ ಕೊಡುತ್ತಾರೆ, ಬುಕ್ ಮಾಡುವಾಗ ಕೇಳಿಕೊಳ್ಳಿ. ನೀವು ದುಡ್ಡು ಹಾಕಬೇಕಾದದ್ದು ಮೈಗೆ ತಾಗುವ ಉಣ್ಣೆಯ ಒಳ ಉಡುಪಿಗೆ. ಹತ್ತಿ ಬೇಡವೇ ಬೇಡ. ಏರಿನಲ್ಲಿ ಬಂಡಿ ನೂಕಿ ಬೆವರುತ್ತೀರಿ, ಹತ್ತಿ ಬಟ್ಟೆ ಆ ಬೆವರು ಕುಡಿದು ಮೈಗೆ ಅಂಟುತ್ತದೆ, ಆಮೇಲೆ ಬಂಡಿ ಹತ್ತಿ ನಿಂತಾಗ ಗಾಳಿಗೆ ನಡುಕ ಶುರು. ಜನವರಿ-ಫೆಬ್ರವರಿಯಲ್ಲಿ ಮೈನಸ್ 10ರಿಂದ ಮೈನಸ್ 30 ಡಿಗ್ರಿ ಮಾಮೂಲಿ. 1999ರ ಜನವರಿ 28ರಂದು ಕಿಟ್ಟಿಲಾ ಪ್ರದೇಶದ ಪೊಕ್ಕಾ ಹಳ್ಳಿಯಲ್ಲಿ ಮೈನಸ್ 51.5 ಡಿಗ್ರಿ ದಾಖಲಾಗಿತ್ತು, ಅದು ಫಿನ್ಲೆಂಡಿನ ದಾಖಲೆ.

ಬೆರಳು ಬಿಡಿಯಾಗಿರುವ ಗ್ಲೌಸಿಗಿಂತ ನಾಲ್ಕು ಬೆರಳೂ ಒಟ್ಟಿಗೆ ಇರುವ ಮಿಟನ್ ಬೆಚ್ಚಗೆ. ಬೂಟು ಒಂದು ಸೈಜ್ ದೊಡ್ಡದಿರಲಿ. ಒಳಗೆ ಬೆರಳು ಆಡಿಸಲು ಜಾಗ ಇಲ್ಲದಿದ್ದರೆ ಎಷ್ಟು ಸಾಕ್ಸ್ ಹಾಕಿದರೂ ಪ್ರಯೋಜನ ಇಲ್ಲ. ಫೋನನ್ನು ಒಳ ಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ದಿಢೀರ್ ಅಂತ ಸತ್ತುಹೋಗುತ್ತದೆ. ಒಬ್ಬರ ಮುಖ ಇನ್ನೊಬ್ಬರು ಆಗಾಗ ನೋಡುತ್ತಿರಿ. ಮೂಗಿನ ತುದಿಯೋ ಕೆನ್ನೆಯೋ ಬಿಳಚಿಕೊಂಡು ಜೋಮು ಹಿಡಿದಂತಾದರೆ ಉಜ್ಜಬೇಡಿ, ಬೆಚ್ಚನೆಯ ಅಂಗೈ ಇಟ್ಟು ಮುಚ್ಚಿ, ಗೈಡಿಗೆ ತಕ್ಷಣ ಹೇಳಿ. ಮಂಗಳೂರಿನವರು ನೀವು, ಆ ಜೋಮು ನಿಮಗೆ ಹೊಸದು, ಸುಮ್ನೆ ತಡೆದುಕೊಳ್ಳಬೇಡಿ.

ನಾವು ಶುದ್ಧ ಸಸ್ಯಾಹಾರಿಗಳು. ಕಾಡಿನಲ್ಲಿ ಏನು ಸಿಗುತ್ತೆ? — ಓದುಗರು, ಉಡುಪಿ

ಮುಂಚೆಯೇ ಹೇಳಿದರೆ ಸಿಗುತ್ತದೆ. 'ಕಸ್ವಿಸ್' ಅನ್ನುವ ಪದ ನೆನಪಿಡಿ, ತರಕಾರಿ ಅಂತ ಅರ್ಥ. ಕಾಡಿನಲ್ಲಿ ಕೋತಾ ಅಂತ ಗುಡಿಸಲು ಇರುತ್ತದೆ, ನಡುವೆ ಬೆಂಕಿ, ಸುತ್ತಲೂ ಬೆಂಚು. ಅಲ್ಲಿ ಸಾಮಾನ್ಯವಾಗಿ ಕೊಡುವುದು ಸಾಲ್ಮನ್ ಮೀನಿನ ಸಾರು, ಇಲ್ಲವೇ ಬೆಂಕಿಯಲ್ಲಿ ಸುಟ್ಟ ಸಾಸೇಜ್. ನಿಮಗೆ ಅಣಬೆಯ ಸೂಪ್ ಮಾಡಿಕೊಡಬಲ್ಲರು. ಬೆರ್ರಿ ಹಣ್ಣಿನ ಬಿಸಿ ರಸ ಎಲ್ಲರಿಗೂ ಕೊಡುತ್ತಾರೆ. ಹುಳಿ-ಸಿಹಿ, ಆ ಚಳಿಯಲ್ಲಿ ಒಂದು ಲೋಟ ಗಂಟಲಿಗಿಳಿದರೆ ಜೀವ ಬಂದ ಹಾಗೆ. ರೈ ಅನ್ನುವ ಧಾನ್ಯದ ಹಿಟ್ಟಿನ ತೆಳು ರೊಟ್ಟಿಯೊಳಗೆ ಅನ್ನದ ಗಂಜಿ ತುಂಬಿ ಬೇಯಿಸಿದ ಕರೇಲಿಯನ್ ಪಿರಕ್ಕಾ ನಮ್ಮ ಬಾಯಿಗೆ ಚೆನ್ನಾಗಿ ಹೊಂದುತ್ತದೆ, ಮೇಲೆ ಮೊಟ್ಟೆ-ಬೆಣ್ಣೆ ಸವರುತ್ತಾರೆ, ಅದು ಬೇಡ ಅನ್ನಿ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ತುಪ್ಪ, ಪನೀರ್ ಬೇಡ, ಹೊರದೇಶದಿಂದ ಹಾಲಿನ ಪದಾರ್ಥ ತರಲು ಯುರೋಪ್ ಒಕ್ಕೂಟ ಬಿಡುವುದಿಲ್ಲ.

ನಾಯಿಬಂಡಿ ಅಲ್ಲಿನ ಸಾಮಿ ಜನರ ಪುರಾತನ ಸಂಪ್ರದಾಯ ಅಂತ ಓದಿದೆ, ನಿಜವೇ? 1925ರಲ್ಲಿ ಔಷಧಿ ಹೊತ್ತು ಓಡಿದ ನಾಯಿಗಳೂ ಇಲ್ಲಿಯವೇ? — ನಿವೃತ್ತ ಶಿಕ್ಷಕರು, ಧಾರವಾಡ

ಮೇಷ್ಟ್ರೇ, ಎರಡೂ ಅಲ್ಲ. ಸಾಮಿ ಅಂದರೆ ಲ್ಯಾಪ್‌ಲ್ಯಾಂಡಿನ ಮೂಲನಿವಾಸಿಗಳು, ಅವರ ಬದುಕು ಹಿಮಸಾರಂಗದ ಜೊತೆ. ಬಂಡಿ ಎಳೆಯುತ್ತಿದ್ದುದೂ ಸಾರಂಗವೇ, ಅವರ ನಾಯಿಗಳು ಸಾರಂಗದ ಹಿಂಡು ಕಾಯುತ್ತಿದ್ದವು. ಲ್ಯಾಪ್‌ಲ್ಯಾಂಡಿಗೆ ಹಸ್ಕಿ ಬಂಡಿ ಬಂದದ್ದು ಪ್ರವಾಸೋದ್ಯಮದ ಜೊತೆ, ಈಚಿನ ಕೆಲವು ದಶಕಗಳಲ್ಲಿ. ಸಂಪ್ರದಾಯ ಅಂತ ಮಾರುವವರ ಮಾತು ನಂಬಬೇಡಿ, ಅದು ಸಾಮಿ ಜನರಿಗೆ ಮಾಡುವ ಅನ್ಯಾಯ.

1925ರ ಓಟ ನಡೆದದ್ದು ಅಲಾಸ್ಕಾದಲ್ಲಿ. ನೋಮ್ ಪಟ್ಟಣದಲ್ಲಿ ಮಕ್ಕಳಿಗೆ ಗಂಟಲಮಾರಿ ಹಬ್ಬಿತು. ಹಡಗಿಲ್ಲ, ಸಮುದ್ರ ಹೆಪ್ಪುಗಟ್ಟಿದೆ. ನೆನಾನಾ ಅನ್ನುವ ಊರಿನಿಂದ ಸುಮಾರು 1,085 ಕಿಮೀ ದೂರ 20 ಮಂದಿ, 150ರಷ್ಟು ನಾಯಿಗಳು ಕೈಯಿಂದ ಕೈಗೆ ದಾಟಿಸುತ್ತಾ ಐದೂವರೆ ದಿನದಲ್ಲಿ ಔಷಧಿ ಮುಟ್ಟಿಸಿದರು. ಕೊನೆಯ ಹಂತ ಓಡಿದ ಬಾಲ್ಟೋ ಅನ್ನುವ ನಾಯಿ ಹೆಸರಾಯಿತು, ಅದೇ ವರ್ಷ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅದರ ಪ್ರತಿಮೆಯೂ ಎದ್ದಿತು. ಆದರೆ ಎಲ್ಲಕ್ಕಿಂತ ಉದ್ದನೆಯ, ಬಿರುಕು ಬಿಡುವ ಮಂಜುಗಡ್ಡೆಯ ದಾರಿ ಓಡಿದ್ದು ಟೋಗೋ, ಆಗ ಅದಕ್ಕೆ ಹನ್ನೆರಡರ ಆಸುಪಾಸು ವಯಸ್ಸು. ಅದನ್ನು ಓಡಿಸಿದ ಲಿಯೊನಾರ್ಡ್ ಸೆಪ್ಪಾಲಾ ಹುಟ್ಟಿದ್ದು ಉತ್ತರ ನಾರ್ವೆಯಲ್ಲಿ. ನಾನು ಟೋಗೋ ಪಕ್ಷ.

ಹೋಗಿ ಬಂದ ಮೇಲೆ ಮಕ್ಕಳು ಹಸ್ಕಿ ಬೇಕು ಅಂತ ಹಟ ಹಿಡಿದಿದ್ದಾರೆ. ನಮ್ಮದು ಎರಡು ಬೆಡ್‌ರೂಮ್ ಫ್ಲಾಟು, ಎಸಿ ಇದೆ. ಸಾಕಬಹುದಾ? — ಓದುಗರು, ಬೆಂಗಳೂರು

ದಯವಿಟ್ಟು ಬೇಡ. ಎರಡು ಪದರದ ತುಪ್ಪಳ ಹೊತ್ತ ನಾಯಿ ಅದು. ನಾನು ಹೋದ ಕಡೆ ಬಿಸಿಲೇರಿ ಸೊನ್ನೆ ಡಿಗ್ರಿಗೆ ಬಂದರೆ ಓಟವನ್ನೇ ನಿಧಾನ ಮಾಡುತ್ತಿದ್ದರು, ನಾಯಿಗಳಿಗೆ ಸೆಕೆ ಆಗುತ್ತದೆ ಅಂತ. ಅಂಥದ್ದನ್ನು ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ, ಕರೆಂಟು ಹೋದಾಗ ಏನು ಮಾಡುತ್ತೀರಿ? ತುಪ್ಪಳ ಬೋಳಿಸಿದರೆ ಬಿಸಿಲಿನಿಂದ ಕಾಯುವ ಹೊದಿಕೆಯೂ ಹೋಗುತ್ತದೆ. ಇನ್ನು ಓಟ. ದಿನಾ ಹತ್ತಾರು ಕಿಮೀ ಓಡಲು ಹುಟ್ಟಿದ ಕಾಲು ಅದು, ಸಂಜೆ ಲಿಫ್ಟಿನಲ್ಲಿ ಇಳಿಸಿ ಅಪಾರ್ಟ್‌ಮೆಂಟ್ ಸುತ್ತ ಒಂದು ರೌಂಡ್ ಹಾಕಿದರೆ ಎಲ್ಲಿ ಸಾಕಾಗುತ್ತದೆ? ಸೋಫಾ ಹರಿಯುತ್ತದೆ, ಊಳಿಡುತ್ತದೆ, ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ. ಕೊನೆಗೆ ಯಾರೋ ಅದನ್ನು ಬೀದಿಗೆ ಬಿಡುತ್ತಾರೆ. ಹಾಗೆ ಬಿಟ್ಟ ಹಸ್ಕಿಯೊಂದನ್ನು ನಾನು ಇಲ್ಲಿ ನೋಡಿದ್ದೇನೆ. ಕುತ್ತಿಗೆ ಸುತ್ತ ಕೂದಲು ಉದುರಿ ಚರ್ಮ ಕೆಂಪಾಗಿತ್ತು, ಚರಂಡಿ ಪಕ್ಕ ತಂಪು ಹುಡುಕಿಕೊಂಡು ಮಲಗಿತ್ತು.

ಮಕ್ಕಳಿಗೆ ಇದೊಂದು ವಿಷಯ ಹೇಳಿ. ಲ್ಯಾಪ್‌ಲ್ಯಾಂಡಿನಲ್ಲಿ ಬಂಡಿ ಎಳೆಯುವ ನಾಯಿಗಳಲ್ಲಿ ಬಹಳಷ್ಟು ಅಲಾಸ್ಕನ್ ಹಸ್ಕಿಗಳು. ಅವು ಒಂದು ಶುದ್ಧ ತಳಿಯಲ್ಲ, ಓಟಕ್ಕಾಗಿ ಬೆರೆಸಿ ಬೆಳೆಸಿದವು. ತೆಳು ಮೈ, ಎಷ್ಟೋ ಸಲ ಕಂದು ಕಣ್ಣು, ನೋಡಲು ನಮ್ಮ ಬೀದಿ ನಾಯಿಯ ಥರಾನೇ. ಆ ಸಾಲಿನಲ್ಲಿ ನಮ್ಮ ಬೀದಿಯ ಯಾವುದಾದರೂ ನಾಯಿ ನಿಂತರೆ ದೂರದಿಂದ ಗುರುತು ಸಿಗುವುದು ಕಷ್ಟ. ಮನೆಗೆ ನಾಯಿ ಬೇಕೇ ಬೇಕು ಅಂದರೆ ನಿಮ್ಮ ಬೀದಿಯ ಒಂದು ಮರಿಯನ್ನೇ ಒಳಗೆ ಕರೆದುಕೊಳ್ಳಿ.

ಒಟ್ಟು ಖರ್ಚು, ವೀಸಾ ಹೇಗೆ? ಒಂದು ದಿನ ಸಾಕಾ, ಮೂರು ದಿನದ್ದು ತಗೊಳ್ಳಲಾ? — ಓದುಗರು, ದಾವಣಗೆರೆ

ಫಿನ್ಲೆಂಡಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಇರುವ ಒಂದೇ ವೀಸಾ. ಹೊರಡುವ ದಿನಕ್ಕೆ ಆರು ತಿಂಗಳ ಒಳಗೆ ಅರ್ಜಿ ಹಾಕಬಹುದು, ಕೊನೆಗೆ ಬಿಡಬೇಡಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ, ಮಾಡಿಸುವಾಗ ಹಿಮಬಂಡಿಯಂಥ ಚಟುವಟಿಕೆಗೂ ಅನ್ವಯಿಸುತ್ತದಾ ಅಂತ ಕೇಳಿ. ಹೆಲ್ಸಿಂಕಿಯಿಂದ ರೊವಾನಿಯೆಮಿಗೆ ರಾತ್ರಿ ರೈಲಿದೆ, ಮಲಗಿಕೊಂಡು ಹೋಗಬಹುದು. ಒಂದು ಗಂಟೆಯ ಚಿಕ್ಕ ಸವಾರಿಗೂ ತಲೆಗೆ ನೂರು ಯೂರೋ ದಾಟುತ್ತದೆ. ಮೂರು ದಿನದ್ದಾದರೆ ಸಾವಿರ ಯೂರೋ ಆಸುಪಾಸು, ಅದಕ್ಕಿಂತ ಮೇಲೂ ಉಂಟು.

ಮೊದಲ ಸಲವಾದರೆ ಅರ್ಧ ದಿನದ್ದು ತೆಗೆದುಕೊಳ್ಳಿ. ಮೂರು ದಿನದ್ದು ನಿಜಕ್ಕೂ ಕೆಲಸ, ಮೈ ಬಗ್ಗಿಸಬೇಕು. ಲ್ಯಾಪ್‌ಲ್ಯಾಂಡಿನ ಮುಯೋನಿಯೋ ಊರಿನ ಹತ್ತಿರ ನಾವು ಉಳಿದ ಮರದ ಮನೆಯಲ್ಲಿ ಕರೆಂಟು ಇರಲಿಲ್ಲ, ನಲ್ಲಿ ಇರಲಿಲ್ಲ. ಸಂಜೆ ಬಂದು ಇಳಿದ ಕೂಡಲೇ ಮೊದಲು ನಾಯಿಗಳ ಎದೆಪಟ್ಟಿ ಬಿಚ್ಚಬೇಕು, ಕಾಲು ನೋಡಬೇಕು, ಹುಲ್ಲು ಹಾಸಬೇಕು. ಆಮೇಲೆ ಕೆರೆಯ ಮೇಲಿನ ಮಂಜುಗಡ್ಡೆಗೆ ತೂತು ಕೊರೆದು ನೀರು ಸೇದಿ, ಸೌದೆ ಒಡೆದು ಬೆಂಕಿ ಮಾಡಿ, ಮಾಂಸ-ಕೊಬ್ಬು ಹಾಕಿದ ಬಿಸಿ ನೀರಿನ ಸಾರು ಅವಕ್ಕೆ ಕೊಡಬೇಕು. ಬರೀ ನೀರು ಇಟ್ಟರೆ ಚಳಿಯಲ್ಲಿ ಕುಡಿಯುವುದಿಲ್ಲ, ಸಾರು ಮಾಡಿದರೆ ನೆಕ್ಕಿ ಮುಗಿಸುತ್ತವೆ. ನಮ್ಮ ಊಟ ಅದೆಲ್ಲ ಆದ ಮೇಲೆ, ಒಂಬತ್ತು ಗಂಟೆಗೆ. ಎರಡನೇ ರಾತ್ರಿ ತಟ್ಟೆ ತೊಳೆಯಲು ಹೊರಗೆ ಬಂದಾಗ ಆಕಾಶದಲ್ಲಿ ಹಸಿರು ಬೆಳಕು ಆಡುತ್ತಿತ್ತು. ನಾಯಿಗಳು ತಲೆ ಕೂಡ ಎತ್ತಲಿಲ್ಲ, ನಿದ್ದೆಯಲ್ಲಿದ್ದವು.

ಇದಕ್ಕೆಲ್ಲ ಮನಸ್ಸಿದ್ದರೆ ಮೂರು ದಿನದ್ದಕ್ಕೇ ಹೋಗಿ. ಫೆಬ್ರವರಿ ಕೊನೆಯಿಂದ ಮಾರ್ಚ್ ಶುರುವಿನವರೆಗೆ ಫಿನ್ಲೆಂಡಿನ ಶಾಲೆಗಳಿಗೆ ಸ್ಕೀ ರಜೆ ಇರುತ್ತದೆ, ಆಗ ಅಲ್ಲಿನವರೇ ಎಲ್ಲ ತುಂಬಿಕೊಳ್ಳುತ್ತಾರೆ. ಮಾರ್ಚ್ ಮೂರನೇ ವಾರ ನೋಡಿ. ಬುಕಿಂಗ್‌ಗೆ ಬರೆಯುವಾಗ ವಯಸ್ಸಾದ ನಾಯಿಗಳ ಪ್ರಶ್ನೆಯನ್ನು ಮೊದಲ ಸಾಲಿನಲ್ಲೇ ಕೇಳಿ, ರೇಟ್ ಆಮೇಲೆ.